ಹನ್ನೆರಡು ಬೆರಳು

ರಂಜಾನಿನ ಹತ್ತೊಂಬತ್ತನೆಯ ರಾತ್ರಿ, ಟ್ರಾಬ್ಜೋನ್.
ಡೋಲು ಬಾರಿಸಿ ಸಹರಿಗೆ ಎಬ್ಬಿಸುವವನು
ಅರ್ಧ ಓಣಿಯಲ್ಲೇ ಕುಸಿದನಂತೆ.
ಮಿಕ್ಕರ್ಧ ಓಣಿ ಇವತ್ತು ಉಣ್ಣದೆಯೇ ಉಪವಾಸ.

ಹೆಸರು ದುರ್ಸುನ್, ಐವತ್ತೆಂಟು.
ಸರ್ಜನ್ ಹೊಟ್ಟೆ ಮುಟ್ಟಿ ಫೋನಿನಲ್ಲಿ ಅಂದ:
"ಹಲಗೆ ಡಾಕ್ಟರ್, ಬರೀ ಹಲಗೆ."
ಬಾರಿಸುವ ಹಲಗೆಯೋ, ಮಲಗಿಸುವ ಹಲಗೆಯೋ
ನಾನು ಕೇಳಲಿಲ್ಲ.

ಎಕ್ಸ್‌ರೇ ಬಾಯಿ ಬಿಡಲಿಲ್ಲ.
ನಿಲ್ಲಲಾರದವನನ್ನು ಮಲಗಿಸಿ ತೆಗೆದದ್ದು;
ಮಲಗಿದವನ ಗಾಳಿಯೂ ಮಲಗಿರುತ್ತದೆ.

ಸಿ.ಟಿ.ಯ ಬಳೆಯೊಳಗೆ ತೂರಿಸಿದೆವು.
"ಉಸಿರು ಹಿಡಿಯಿರಿ" ಎಂದಳು ಯಂತ್ರದೊಳಗಿನ ಹೆಂಗಸು.
ಹಿಡಿಯುವಷ್ಟು ಉಸಿರು ಅವನಲ್ಲಿರಲಿಲ್ಲ.

ಬಿಲ್ಲೆ ಬಿಲ್ಲೆಯಾಗಿ ಬಂದ ಪರದೆಗೆ.
ಯಕೃತ್ತು ಸುಮ್ಮನಿತ್ತು. ಗುಲ್ಮ ಸುಮ್ಮನಿತ್ತು.
ಎಡ ಮೂತ್ರಪಿಂಡದಲ್ಲೊಂದು ಹಳೆಯ ಕಲ್ಲು, ಅದರ ಪಾಡಿಗದು.
ನನ್ನ ಚಹಾ ಆರಿತು.

ಆಮೇಲೆ ಕಿಟಕಿ ಬದಲಿಸಿದೆ.
ಕಪ್ಪು ಬಿಳುಪಿನ ಹದ ತಿರುಗಿಸುವುದಕ್ಕೆ
ನಾವು ಹಾಗೇ ಅನ್ನುವುದು, ಕಿಟಕಿ.
ಪುಪ್ಪುಸದ ಕಿಟಕಿ ತೆರೆದು ಹೊಟ್ಟೆಯೊಳಗೆ ಇಣುಕಿದರೆ
ಗಾಳಿ.
ಯಕೃತ್ತಿನ ಮುಂದೆ,
ಒಂದು ಕಾಲದಲ್ಲಿ ಹೊಕ್ಕುಳಬಳ್ಳಿ ಬಂದಿದ್ದ ದಾರಿಯ ಪಕ್ಕ,
ಸಾಸಿವೆಯಷ್ಟು ಕಪ್ಪು, ಇನ್ನೊಂದು ಸಾಸಿವೆ,
ಆಮೇಲೊಂದು ಕಡಲೆ.
ಕರುಳಿನೊಳಗೇ ಇದ್ದಿದ್ದರೆ ಯಾರೂ ವಿಚಾರಿಸದ ಗಾಳಿ.

ಬೆನ್ನು ಹತ್ತಿದೆ. ಗಾಳಿಗೂ ಹೆಜ್ಜೆಯಿದೆ:
ಸುತ್ತಲಿನ ಕೊಬ್ಬು
ಕಲಗಚ್ಚು ಚೆಲ್ಲಿ ಒರೆಸದೆ ಬಿಟ್ಟ ನೆಲದ ಹಾಗೆ.
ಜಠರ ಮುಗಿದು ಮಗ್ಗುಲಾಗುವಲ್ಲಿ,
ನಮ್ಮವರು ಹನ್ನೆರಡು ಬೆರಳಿನ ಕರುಳೆನ್ನುವುದರ
ಮುಂಗೋಡೆಯಲ್ಲಿ
ನಾಲ್ಕು ಮಿಲಿಮೀಟರಿನ ಬಾಗಿಲು.

ಬೆರಳು ಹತ್ತು, ಡೋಲಿನ ಕೋಲು ಎರಡು.
ನಿದ್ದೆಗೆಟ್ಟ ತಲೆ ಇಂಥ ಲೆಕ್ಕ ಮಾಡುತ್ತದೆ.

ಹೆಂಡತಿ ಗುಲಿಜಾರ್ ಅವನ ಕೋಟಿನ ಜೇಬು ಕೊಡವಿದಳು:
ನೋವಿನ ಮಾತ್ರೆಯ ಖಾಲಿ ಹಾಳೆಗಳು, ಐದೋ ಆರೋ.
ಡೋಲಿನ ಪಟ್ಟಿ ಕೊರೆದ ಹೆಗಲಿಗೆ.
ಹಗಲು ನುಂಗುವಂತಿಲ್ಲವೆಂದು
ಹಗಲಿನದನ್ನೂ ಸೇರಿಸಿ ಇರುಳಿಗೇ ನುಂಗುತ್ತಿದ್ದನಂತೆ.
"ಹೆಗಲು ನೋವೆಂದರೆ ಡೋಲು ಬೇರೆಯವನಿಗೆ ಹೋಗುತ್ತದಲ್ಲ"
ಎಂದಳು, ನನ್ನನ್ನೇ ಕೇಳುವವಳಂತೆ.

ವರದಿಯಲ್ಲಿ ಇದಕ್ಕೆಲ್ಲ ಜಾಗವಿಲ್ಲ.
ರಂಧ್ರ, ಅಳತೆ, ಗಾಳಿ, ನೀರು, ತುರ್ತು. ನನ್ನ ಸಹಿ.
ಹೆಸರಿನ ಮೇಲೆ ಮಾತ್ರ ಕಣ್ಣು ನಿಂತಿತು.
ಮಕ್ಕಳು ನಿಲ್ಲದ ಮನೆಯಲ್ಲಿ ನಮ್ಮವರು ಇಡುವ ಹೆಸರದು.
ದುರ್ಸುನ್, ಅಂದರೆ
ಇದಾದರೂ ನಿಲ್ಲಲಿ.

ಅವನನ್ನು ಮೇಲಿನ ಮಹಡಿಗೆ ತಳ್ಳಿಕೊಂಡು ಹೋದರು.
ಡೋಲು ಪಡಸಾಲೆಯಲ್ಲೇ ಉಳಿಯಿತು.
ನೆಲ ಒರೆಸುವವನ ಕೋಲು ತಗುಲಿ ಒಮ್ಮೆ ಢಂ ಅಂದಿತು.
ಬೆಂಚಿನ ಮೇಲೆ ತೂಕಡಿಸುತ್ತಿದ್ದವರು ತಟ್ಟನೆದ್ದು
ಗಡಿಯಾರ ನೋಡಿ, ಬುತ್ತಿ ಬಿಚ್ಚಿದರು.
ಇನ್ನೂ ಹನ್ನೊಂದು ನಿಮಿಷವಿತ್ತು.