ಡ್ರೈವರ್ ಕಡೆಯ ಗ್ಲಾಸು

ಮಹಜರು ಮುಗಿಸಿ ಪೊಲೀಸರು ಬಿಟ್ಟ ಬಿಳಿ ಗಾಡಿ
ಗೋಣಿಕೊಪ್ಪದ ನನ್ನ ಶೆಡ್ಡಿಗೆ ಬರುವ ಮೊದಲೇ
ಹನ್ನೆರಡು ಜನ ಬಂದು ನಿಂತಿದ್ದರು.
ಒಬ್ಬನ ಕೈಯಲ್ಲೂ ಒಡೆದ ಗ್ಲಾಸಿರಲಿಲ್ಲ.

"ಸೈದಲವಿ, ಚೂರು ಒಳಗೆ ಬಿದ್ದಿದೆಯೋ ಹೊರಗೋ?
ಅಷ್ಟು ಹೇಳು, ಸಾಕು."

ಒಳಗೆ ಬಿದ್ದಿದ್ದರೆ ಹೊಡೆದವನು ಹೊರಗಿದ್ದ.
ಹೊರಗೆ ಬಿದ್ದಿದ್ದರೆ ಹೊಡೆದದ್ದು ಅವಳೇ.
ಈ ಲೆಕ್ಕ ನಿನ್ನೆ ರಾತ್ರಿಯೇ
ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಪರೋಟ ಹರಿಯುತ್ತಾ ಮುಗಿದಿತ್ತು.

ತಿತಿಮತಿ ರಸ್ತೆ, ಒಂದು ಬೈಕು, ಇಬ್ಬರು,
ಹೆಲ್ಮೆಟ್ಟು, ಕಬ್ಬಿಣದ ಸಲಾಕೆ: ಅವಳು ಹೇಳಿದ್ದು.
ಆ ಹೊತ್ತಲ್ಲಿ ಅಲ್ಲಿ ಆನೆ ಬಿಟ್ಟರೆ ಯಾರೂ ನಿಲ್ಲೋದಿಲ್ಲ,
ಅಷ್ಟು ದೊಡ್ಡ ನಟಿಗೆ ಡ್ರೈವರ್ ಇಲ್ಲವಾ: ಚಿಟ್ಟಿಯಪ್ಪ ಹೇಳಿದ್ದು.
ಹಣೆಗೆ ಮೂರು ಹೊಲಿಗೆ: ಆಸ್ಪತ್ರೆಯ ಆಯಾ ಹೇಳಿದ್ದು.
ಮೂರನ್ನು ಮೂರೇ ಮಾಡಿ
ಆ ಏಕಾರ ಎಳೆದದ್ದು ಊರು.
ಶುಕ್ರವಾರ ಅವಳ ಸಿನಿಮಾ ಬಿಡುಗಡೆ.
ಇನ್ನೇನು ಬೇಕು?

ಎಂಟು ವರ್ಷ, ರಾತ್ರಿ ಎಂಟಕ್ಕೆ,
ಹಾಲಿಗೆ ವಿಷ ಬೆರೆಸಿ ಮರುಕ್ಷಣ ಸೆರಗು ಕಚ್ಚಿ ಅತ್ತವಳು.
ನನ್ನ ಉಮ್ಮ ಟಿ.ವಿ.ಗೆ ಚಪ್ಪಲಿ ತೋರಿಸಿದ್ದಾಳೆ.
ಈಗ ಮೈಕುಗಳ ಮುಂದೆ ಅದೇ ಅಳು,
ಅದೇ ಎಡಗಣ್ಣಿಂದ ಮೊದಲು.
"ಅಳೋದು ಅವಳ ಕಸುಬು" ಅಂದಳು ಮೀನಿನ ಮರಿಯುಮ್ಮ.
ನಿನ್ನ ಕಸುಬು ಮೀನು ಮಾರೋದು,
ಹಾಗಂತ ಹಸಿವಾದಾಗ ನೀನು ಮೀನು ತಿನ್ನೋದಿಲ್ವಾ
ಅನ್ನಬೇಕಿತ್ತು. ಅನ್ನಲಿಲ್ಲ.

ಬಾಗಿಲು ತೆಗೆದೆ.
ಪಕ್ಕದ ಗ್ಲಾಸು ಮುಂದಿನದರ ಹಾಗಲ್ಲ,
ಬಿರುಕು ಬಿಟ್ಟುಕೊಂಡು ಕಾಯುತ್ತಾ ಕೂರುವುದಿಲ್ಲ;
ಒಂದೇ ಉಸಿರಿಗೆ ಕಲ್ಲುಸಕ್ಕರೆ.
ಸೀಟಿನ ಸಂದಿ, ಬೆಲ್ಟಿನ ಕೊಕ್ಕೆ, ಕಾಲಡಿಯ ಮ್ಯಾಟು,
ಎಲ್ಲ ಕಡೆ ಇತ್ತು.
ರಸ್ತೆಯಲ್ಲೂ ಇತ್ತಂತೆ. ಗಾಡಿ ತಂದ ಹುಡುಗ ಅಂದ:
ಹೂಮಳೆ ಆಗಿ ಹತ್ತು ಹನ್ನೆರಡು ದಿನಕ್ಕೆ
ಕಾಫಿ ಹೂ ಉದುರಿರುತ್ತಲ್ಲ, ಹಾಗೆ.

"ಅರ್ಧ ಒಳಗೆ" ಅಂದೆ, "ಅರ್ಧ ಹೊರಗೆ.
ಗ್ಲಾಸು ಒಡೆದರೆ ಎರಡೂ ಕಡೆ ಬೀಳುತ್ತೆ.
ಇಪ್ಪತ್ತಾರು ವರ್ಷ ಗುಡಿಸಿದ್ದೇನೆ, ನನಗೆ ಗೊತ್ತಿರೋದು ಇಷ್ಟು."
ಹನ್ನೆರಡೂ ಮುಖ ಸಪ್ಪಗಾದವು.
ಸಿದ್ದಾಪುರದ ಬಸ್ಸು ಬಿಟ್ಟು ನಿಂತಿದ್ದವನೊಬ್ಬ
"ಹೆಚ್ಚು ಯಾವ ಕಡೆ? ಹೆಚ್ಚು?" ಎಂದು ಕೇಳುತ್ತಾ
ಮುಂದಿನ ಬಸ್ಸನ್ನೂ ಬಿಟ್ಟ.

ಎಲ್ಲರೂ ಊಟಕ್ಕೆ ಹೋದ ಮೇಲೆ
ಬಾಗಿಲಿನ ರಬ್ಬರು ಕಿತ್ತಾಗ ಸಿಕ್ಕಿತು
ಒಂದು ಉಗುರು. ಅಂಟಿಸಿದ್ದು, ಬದನೆ ಬಣ್ಣ.
ಅದರ ಕೆಳಗೆ, ಅಂಟಿಸಿದ್ದಲ್ಲದ್ದು ಒಂಚೂರು.
ತೆರೆಯಬಾರದೆಂದು ಬಾಗಿಲನ್ನು ಒಳಗಿನಿಂದ ಹಿಡಿದಿದ್ದಳೋ,
ಅವಸರದಲ್ಲಿ ತಾನೇ ಬಡಿದುಕೊಂಡಳೋ,
ಉಗುರು ಹೇಳಲಿಲ್ಲ.
ಠಾಣೆಗೆ ಫೋನು ಮಾಡಿದೆ.
ಮಹಜರು ಮುಗಿದಿದೆ ಅಂದರು.

ಬೀಪಾತು ನೆನಪಾದಳು, ನನ್ನ ಅಕ್ಕ.
ಮದುವೆಯಾದ ವರ್ಷ ತುಟಿ ಒಡೆದುಕೊಂಡು
ಒಂದು ಹಲ್ಲು ಕಡಿಮೆ ಮಾಡಿಕೊಂಡು ಬಂದು
"ಬಾವಿಕಟ್ಟೆಯಲ್ಲಿ ಜಾರಿದೆ" ಅಂದಳು.
ಅಯ್ಯೋ ಅಂದೆವು. ಅರಿಶಿನ ಅರೆದೆವು.
ಒಳಕ್ಕೆ ಜಾರಿದೆಯಾ ಹೊರಕ್ಕಾ
ಯಾರೂ ಕೇಳಲಿಲ್ಲ.
ಆ ಮನೆಗೆ ಬಾವಿಯೇ ಇರಲಿಲ್ಲ.
ನಿಕಾಹ್ ದಿನ ಬಿರಿಯಾನಿ ತಿಂದು ನಾನೇ ಕೈ ತೊಳೆದಿದ್ದೆ,
ಬೋರ್‌ವೆಲ್ಲಿನ ಪಂಪು ಒತ್ತಿ.

ಸಂಜೆಗೆ ಹೊಸ ಗ್ಲಾಸು ಕೂರಿಸಿದೆ. ಏರಿಸಿದೆ, ಇಳಿಸಿದೆ.
ಬಾಗಿಲ ಹೊಟ್ಟೆಯಲ್ಲೆಲ್ಲೋ ಎರಡು ಹರಳು ಉಳಿದು ಕರಕರ ಅಂದವು.
ಅದು ಹಾಗೇ, ತಿಂಗಳುಗಟ್ಟಲೆ ಸಿಗುತ್ತಿರುತ್ತದೆ.
ಇನ್ಶೂರೆನ್ಸ್ ಫಾರ್ಮಿನಲ್ಲಿ "ಕಾರಣ" ಎಂದಿದ್ದ ಕಡೆ
ಅವಳು ಹೇಳಿದ್ದನ್ನೇ ಬರೆದೆ.
ಅವಳು ಹೇಳಿದ್ದು ಎಂದೂ ಬರೆದೆ.

ಉಗುರು ಸ್ಕ್ರೂ ಡಬ್ಬಿಯಲ್ಲಿದೆ.
ಬಂದವರು ಇನ್ನೂ
ಗಾಜಿನ ಬಗ್ಗೆಯೇ ಕೇಳುತ್ತಾರೆ.