ಮೂರು ಕಾಳು

ಎರಡನೇ ವರ್ಷದ ಕ್ಷೇತ್ರಕಾರ್ಯಕ್ಕೆ
ನನ್ನ ಪಾಲಿಗೆ ಬಂದ ಊರು ಜಾಂಗ್‌ಯಿಲಿ.
ತಮಾಲೆಯಿಂದ ಮೂರು ಚಕ್ರದ ಗಾಡಿಯಲ್ಲಿ ಎರಡು ತಾಸು,
ಹಲ್ಲಿನ ಸಂದಿಯಲ್ಲೆಲ್ಲ ಹರ್ಮಟಾನ್ ಗಾಳಿಯ ಧೂಳು.
ಚೀಲದಲ್ಲಿ ಬಣ್ಣದ ಪೆನ್ನು, ಡ್ರಾಯಿಂಗ್ ಹಾಳೆಯ ಸುರುಳಿ,
ಒಂದು ಪ್ರಶ್ನಾವಳಿ. ಒಟ್ಟು ಮೂವತ್ತೆರಡು ಪ್ರಶ್ನೆ,
ಅದರಲ್ಲಿ ಏಳು, ಈಗ ಓದಿದರೆ, ನನಗೇ ನಾಚಿಕೆ.

ಮೇಷ್ಟ್ರು ಹೇಳಿ ಕಳಿಸಿದ್ದರು:
ಕುರ್ಚಿ ಕೊಟ್ಟರೆ ಕೂರಬೇಡ.
ಕೋಲು ಅವರ ಕೈಗೆ ಕೊಡು. ನೆಲ ಅವರದು, ಅವರೇ ಬರೆಯಲಿ.
ಕೋಲು ಕೊಟ್ಟೆ.
ಕುರ್ಚಿಯ ಮೇಲೆ ಕೂತುಕೊಂಡೇ ಕೊಟ್ಟೆ.
ಊರಿಗಿದ್ದದ್ದು ಅದೊಂದೇ ಕುರ್ಚಿ,
ಬೇಡವೆಂದರೆ ಮುಖಂಡನ ಮುಖ ಸಣ್ಣದಾಗುತ್ತಿತ್ತು.
ಪಠ್ಯದಲ್ಲಿ ಇದಕ್ಕೆ ಅಧ್ಯಾಯವಿಲ್ಲ.

ಬೇವಿನ ಮರದಡಿ ಹೆಂಗಸರು ನೆಲ ಗುಡಿಸಿದರು.
ಬೂದಿ ಸುರಿದು ದಾರಿ ಎಳೆದರು,
ಹರಿದ ನೀಲಿ ಬಟ್ಟೆಯ ತುಂಡು ಕೆರೆಯಾಯಿತು,
ಶಿಯಾ ಬೀಜದ ಸಿಪ್ಪೆ ಮರಗಳಾದವು, ಯಾವ ಮರ ಯಾರದೆಂದು
ಅಲ್ಲೇ ಒಂದು ಸಣ್ಣ ಜಗಳ.
ಮಸೀದಿಗೆ ಬೆಂಕಿಪೊಟ್ಟಣ.
ಮನೆಗೊಂದು ಮೆಕ್ಕೆಜೋಳದ ಕಾಳು.
ನಲವತ್ತಮೂರು, ಎಣಿಸಿ ಬರೆದುಕೊಂಡೆ.

ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ
ಗಿನಿಕೋಳಿಯೊಂದು, ಚುಕ್ಕೆ ಅಂಗಿಯ ಇನ್ಸ್‌ಪೆಕ್ಟರನ ಗತ್ತಿನಲ್ಲಿ,
ನಕ್ಷೆಯೊಳಗೆ ನಡೆದು ಬಂದು
ಬಾವಿಯ ಪಕ್ಕದ ಮೂರು ಮನೆ ನುಂಗಿತು.
ಎಲ್ಲರೂ ನಕ್ಕರು. ನಾನೂ ನಕ್ಕು
ಹೊಸ ಕಾಳಿಗೆ ಕೈ ಹಾಕಿದೆ.

ಮುದುಕಿ ಸನಾಟು ನನ್ನ ಮಣಿಕಟ್ಟು ಹಿಡಿದಳು.
"ಬಿಡು. ಆ ಮೂರೂ ಹಾಗೇ ಇವೆ.
ಕೋಳಿಗೆ ಯಾರೋ ಹೇಳಿರಬೇಕು."

ಇಷ್ಟನ್ನು ಇಂಗ್ಲಿಷಿಗೆ ತರಲು
ದುಭಾಷಿ ಹುಡುಗ ತುಂಬ ಹೊತ್ತು ತೆಗೆದುಕೊಂಡ.
ಹುಡುಗಿಯರು ದಕ್ಷಿಣಕ್ಕೆ ಹೋದರು, ಅಂದ.
ತಲೆಯ ಮೇಲೆ ಅಲ್ಯೂಮಿನಿಯಂ ಬೋಗುಣಿ ಇಟ್ಟುಕೊಂಡು
ಅಕ್ರಾದ ಮಾರುಕಟ್ಟೆಯಲ್ಲಿ ಮಂದಿಯ ಸಾಮಾನು ಹೊರಲಿಕ್ಕೆ.
ಮೊದಲು ಒಬ್ಬಳು, ಅವಳ ಹಿಂದೆ ತಂಗಿ,
ತಂಗಿಯ ಕೂಸು ನೋಡಿಕೊಳ್ಳಲು ಅತ್ತಿಗೆ.

ಸಂಜೆ ಆ ಮನೆಗಳಿಗೆ ಹೋದೆ.
ಒಲೆಯ ಮೂರು ಕಲ್ಲು ಇದ್ದಲ್ಲೇ ಇದ್ದವು.
ನಡುವೆ, ತಣ್ಣನೆಯ ಬೂದಿಯಲ್ಲಿ,
ಹಕ್ಕಿಯೊಂದು ಧೂಳುಸ್ನಾನ ಮಾಡಿದ ಗುಳಿ,
ಒಂದು ಚುಕ್ಕೆ ಗರಿ.

ಹಿಂದೆಯೇ ಬಂದಿದ್ದ ಸನಾಟು ಆಗ ಕೇಳಿದಳು,
ಮೂವತ್ತಮೂರನೆಯ ಪ್ರಶ್ನೆ:
"ನೀನು ಅಕ್ರಾದವಳಂತೆ. ನಮ್ಮ ಮೆಮುನಾಟುವನ್ನು ಕಂಡಿದ್ದೀಯಾ?
ಎಡ ಹುಬ್ಬಿನ ಮೇಲೆ ಮಚ್ಚೆ. ಸುಮ್ಮನೆ ನಗುತ್ತಿರುತ್ತಾಳೆ."

ನನ್ನಮ್ಮನದು ಮಕೋಲಾದಲ್ಲಿ ಬಟ್ಟೆ ಅಂಗಡಿ.
ಥಾನು ಇಳಿಸಲು, ಏರಿಸಲು
"ಕಾಯಾ!" ಎಂದು ಕೂಗಿದರೆ ನಾಲ್ವರು ಓಡಿಬರುತ್ತಿದ್ದರು.
ಐದು ಸೆಡಿ ಕೇಳಿದರೆ ನಾವು ಮೂರಕ್ಕೆ ಇಳಿಸುತ್ತಿದ್ದೆವು.
ಬೋಗುಣಿಯ ನೆರಳು ಮುಖದ ಮೇಲೆ. ಹುಬ್ಬು ಕಾಣುತ್ತಿರಲಿಲ್ಲ.
ಶಾಲೆಯ ಸಮವಸ್ತ್ರದಲ್ಲಿ ನಾನು ಮುಂದೆ ಮುಂದೆ,
ಹಿಂದೆ ಬರುವ ಚಪ್ಪಲಿಯ ಸದ್ದಿಗೆ ಕಿವಿಯಿಟ್ಟು,
ಎಲ್ಲಿ ದಾರಿ ತಪ್ಪಿದಳೋ ಎಂದಲ್ಲ,
ಎಲ್ಲಿ ಬಟ್ಟೆ ಸಮೇತ ಓಡಿದಳೋ ಎಂದು.
ಹೆಸರು ಕೇಳಿದ ನೆನಪಿಲ್ಲ.

ಇಲ್ಲ ಅಜ್ಜಿ, ಅಂದೆ. ಅಕ್ರಾ ದೊಡ್ಡ ಊರು.
ದುಭಾಷಿ ಹುಡುಗ ನನ್ನ ಮುಖ ನೋಡಿ
ಅದನ್ನು ಬಹಳ ಬೇಗ ಹೇಳಿ ಮುಗಿಸಿದ.

ಮೌಖಿಕ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು
ಕನ್ನಡಕ ಹಣೆಗೇರಿಸಿದರು:
"ಪುಟ ಹತ್ತೊಂಬತ್ತರಲ್ಲಿ ನಲವತ್ತಮೂರು ಮನೆ.
ಫೋಟೋದಲ್ಲಿ ನಲವತ್ತೇ ಕಾಳು. ಮಿಕ್ಕ ಮೂರು?"
ಎಣಿಕೆ ತಪ್ಪಿತು ಎನ್ನಬಹುದಿತ್ತು.
ವಲಸೆ ಎನ್ನಬಹುದಿತ್ತು, ಅದಕ್ಕೆ ಕೋಷ್ಟಕವೂ ಇತ್ತು, ಶೇಕಡಾವಾರು ಸಮೇತ.
"ಗಿನಿಕೋಳಿ ತಿಂದಿತು, ಸಾರ್."

ಕೋಣೆಯೆಲ್ಲ ಗೊಳ್ಳೆಂದಿತು.
ಮೇಷ್ಟ್ರು ಮಾತ್ರ ನಗಲಿಲ್ಲ.
ತಾವು ಕೂತಿದ್ದ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿ
"ಮುಂದೆ ಹೇಳು" ಅಂದರು.

ನೀರು ಕುಡಿದೆ.
ನನ್ನಮ್ಮನದು, ಅಂದೆ,
ಮಕೋಲಾದಲ್ಲಿ ಬಟ್ಟೆ ಅಂಗಡಿ.