ಮೊಣಕಾಲಿನ ಗೆರೆ

ಕಡತದಲ್ಲಿ ಬಿಳಿಮೀನಿಗೆ ಒಂದು ಜೂನ್ ಇದೆ,
ಹನ್ನೊಂದು ವರ್ಷದ ಹಿಂದೆ ಟೈಪಾದದ್ದು:
ಎರಡನೇ ವಾರ, ಮೊದಲ ಕೆನ್ನೀರು ಇಳಿದ ಮೇಲೆ
ಮರಿ ಬಿಡತಕ್ಕದ್ದು. ಸ್ಥಳ: ವಾಲ್ನೂರು ಮಡು.
ಕೆಳಗೆ ಸಹಿ, ಸೀಲು, ಕಾಫಿ ಲೋಟದ ಉಂಗುರ.

ಈಗ ಜೂನ್ ಒಂಟಿಯಾಗಿ ಬರುತ್ತದೆ.
ಮಳೆ ಆಗಸ್ಟಿನಲ್ಲಿ ಒಮ್ಮೆಲೇ ಸುರಿದು
ಗುಡ್ಡದ ಪಕ್ಕೆಯನ್ನೇ ಎಳಕೊಂಡು ಹೋಗುತ್ತದೆ;
ಮೊಟ್ಟೆಯಿಡುವ ಜಲ್ಲಿಯ ಮೇಲೆ
ಯಾರದೋ ಅಂಗಳದ ಕೆಮ್ಮಣ್ಣು, ಗೇಣುದ್ದ.
ಕಳೆದ ಸಲ ಮರಿಗಳನ್ನು ನಾನೇ ಎಣಿಸಿ ಬಿಟ್ಟೆ.
ತಿರುಗಿ ಎಣಿಸಲು ಒಂದೂ ಸಿಗಲಿಲ್ಲ.

ಥರ್ಮಾಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟಾಗ
ಎರವರ ಚುಬ್ರ ಪಾದ ಅದ್ದಿ ನಕ್ಕ:
"ಮೇಡಂ, ಇದು ಜ್ವರದ ನೀರು."
ಮೂವತ್ತೊಂದು, ಎಂದಿತು ಪಾದರಸ, ತಡವಾಗಿ.

ಆಮೇಲೆ ಮೇಲಕ್ಕೆ ಕರಕೊಂಡು ಹೋದ,
ನಕಾಶೆಯಲ್ಲಿ ಹೆಸರಿಲ್ಲದ ತೋಡಿಗೆ.
ಹೊಳೆಮತ್ತಿಯ ಬೇರಿನಡಿ ಏಪ್ರಿಲ್ಲಿನಲ್ಲೂ
ಹಲ್ಲು ಜುಮ್ಮೆನ್ನುವ ನೀರು.
ತೋಡಿಗೆ ಅಡ್ಡ ಒಂದು ಕಟ್ಟೆ,
ಕಟ್ಟೆಯ ಮೇಲೆ ಪೂವಯ್ಯನವರ ಪಂಪು.

ಹೂಮಳೆ ಕೈಕೊಟ್ಟ ಮಾರ್ಚಿನಲ್ಲಿ
ತೋಡಿಗೆ ತೋಡೇ ಪೈಪಿನೊಳಗೆ ಗುಡ್ಡ ಹತ್ತಿ
ರೊಬಸ್ಟಾದ ಮೇಲೆ ಸುತ್ತಿ ಸುತ್ತಿ ಬೀಳುತ್ತದೆ.
"ನನ್ನ ಮೊಗ್ಗು ಎಷ್ಟು ದಿನ ಕಾಯುತ್ತದೆ, ನಿಮ್ಮ ಮೀನು ಎಷ್ಟು?"
ಕೇಳಿದರು ಪೂವಯ್ಯ, ಜಗಳಕ್ಕಲ್ಲ, ಲೆಕ್ಕಕ್ಕೆ.

ಕಟ್ಟೆಯ ಮಗ್ಗುಲೊಡೆದು ಮೀನಿಗೆ ಮೆಟ್ಟಿಲು: ಒಪ್ಪಿದರು.
ನೀರು ಎಷ್ಟಕ್ಕೆ ಇಳಿದರೆ ಪಂಪು ನಿಲ್ಲಬೇಕು?
"ಮೊಣಕಾಲು," ಎಂದ ಚುಬ್ರ.
"ಯಾರದ್ದು?"
ಆರಡಿ ಪೂವಯ್ಯ ಪ್ಯಾಂಟು ಮಡಚಿ ಇಳಿದರು,
ಪಕ್ಕದಲ್ಲಿ ನಿಂತ ಚುಬ್ರನ ಕಾಲು ನೋಡಿದರು,
"ಇವನದೇ ಇರಲಿ," ಎಂದರು, ಉದಾರವಾಗಿ.
"ಮೀನನ್ನು ಕೇಳಿದರೆ ಧಣಿಗಳದು ಅಂತದೆ."
ಕೊನೆಗೆ ನಾನಿಳಿದೆ, ಇಬ್ಬರ ನಡುವಿನ ಎತ್ತರದವಳು.
ಒದ್ದೆ ಬಟ್ಟೆ ಎಲ್ಲಿಗೆ ಮುಗಿಯಿತೋ ಅಲ್ಲಿ
ಬಂಡೆಗೆ ಉಳಿ ಬಿತ್ತು.

ಕಡತದ ಜೂನನ್ನು ಹೊಡೆದುಹಾಕಿ ಬರೆದೆ:
ಗೆರೆ ಮುಳುಗಿ ಮೂರು ದಿನ ಕಳೆದ ಮೇಲೆ.
ಮೇಲಿನ ಕಚೇರಿ ವಾಪಸು ಕಳಿಸಿತು:
ದಿನಾಂಕ ನಮೂದಿಸಿ.

ಈ ಮಾರ್ಚಿನಲ್ಲೂ ಹೂಮಳೆ ಬರಲಿಲ್ಲ.
ಪಂಪು ಮೂರು ಹಗಲು, ಮೂರು ರಾತ್ರಿ ಓಡಿ
ನಾಲ್ಕನೆಯ ರಾತ್ರಿ ಒಂಬತ್ತಕ್ಕೆ ಸುಮ್ಮನಾಯಿತು.
ವಾರದ ಮೇಲೆ ಅರ್ಧ ಗುಡ್ಡ ಬೆಳ್ಳಗೆ ಘಮ್ಮೆಂದಿತು,
ಉಳಿದರ್ಧ ಹಸಿರು ಮುಷ್ಟಿ ಬಿಚ್ಚಲಿಲ್ಲ.
ಪೂವಯ್ಯ ಆ ಕಡೆ ನೋಡದೆ ನನಗೆ ಕಾಫಿ ಕೊಟ್ಟರು.

ಮೀನು ಇನ್ನೂ ಬಂದಿಲ್ಲ.
ಥರ್ಮಾಮೀಟರು ಜೀಪಿನಲ್ಲೇ ಮರೆತಿತ್ತು.
ಚುಬ್ರ ಪಾದ ಅದ್ದಿ, ಕಣ್ಣು ಮುಚ್ಚಿ,
"ಇಪ್ಪತ್ತನಾಲ್ಕು," ಎಂದ.
ಬರೆದುಕೊಂಡೆ.